ಮುಲ್ಕಿ ಪರೀಕ್ಷೆ ಮತ್ತು ಓದು ಬಾರದ ಅವ್ವಂದಿರು

ಮುಲ್ಕಿ ಪರೀಕ್ಷೆ ಅಂದರೆ ಏನು ಅಂತ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಳೇ ಮೈಸೂರು ಕಡೆಯ ಗೆಳೆಯರು ಈ ಹೆಸರನ್ನೇ ಕೇಳಿರಲಿಕ್ಕಿಲ್ಲ. ಅಲ್ಲಿ ಮಿಡ್ಲ್ ಸ್ಕೂಲು, ಎಲ್.ಎಸ್. ಪರೀಕ್ಷೆ ಅಂತ ಇತ್ತು. ನಮ್ಮ ಕಡೆ, ಅಂದರೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಸೀಮೆಯಲ್ಲಿ, ಕನ್ನಡ ಏಳನೇ ಇಯತ್ತೆ ಮುಗಿಯುವಾಗ ಬರುತ್ತಿದ್ದ ದೊಡ್ಡ ಪರೀಕ್ಷೆಯೇ ಮುಲ್ಕಿ. "ಅಂವಾ ಮುಲ್ಕಿ ಪಾಸ್ ಆಗ್ಯಾನ" ಅಂದರೆ ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಮುಲ್ಕಿ ಪಾಸಾದವನು ಕನ್ನಡ ಸಾಲಿ ಮಾಸ್ತರನಾಗಬಹುದಿತ್ತು, ತಲಾಠಿ ಆಗಬಹುದಿತ್ತು. ಊರ ಜನ ತಮ್ಮ ಕಾಗದ-ಪತ್ರ ಓದಿಸಿಕೊಳ್ಳಲು ಅವನ ಮನೆ ಬಾಗಿಲಿಗೆ ಬರುತ್ತಿದ್ದರು.

ಈಗ್ಯಾಕೆ ಈ ಹಳೇ ಪುರಾಣ ಅಂತೀರಾ? ಕಾರಣ ಇದೆ. ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ದಂಡೆಯ ಮೇಲೆ ಚಿಕ್ಕಪಡಸಲಗಿ ಅಂತ ಒಂದು ಊರು. ಆ ಕಡೆ ಕಬ್ಬು ಬೆಳೆಯುವ ನನ್ನ ಚಿಕ್ಕಪ್ಪನ ಮಗ ಮೊನ್ನೆ ಫೋನ್ ಮಾಡಿದ್ದ. ಅವನ ಮಗ ಈಗ ಏಳನೇ ಇಯತ್ತೆ, ಇಂಗ್ಲಿಷ್ ಮೀಡಿಯಂ. "ಅಣ್ಣಾ, ಅವನ ಪುಸ್ತಕ ತಗದ್ರ ನನಗ ಒಂದ್ ಅಕ್ಷರ ತಿಳಿಯೂದಿಲ್ಲ. ಅಂವಾ ಏನ್ ಓದಾಕತ್ಯಾನೋ, ಓದಾಕತ್ಯಾನೋ ಇಲ್ಲೋ, ಅದೂ ಗೊತ್ತಾಗೂದಿಲ್ಲ. ನಮ್ಮಂಥಾವ್ರು ಏನ್ ಮಾಡೂದು?" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಅದೇ ನನ್ನನ್ನು ಕೊರೆಯತೊಡಗಿತು. ಹತ್ತನೇ ಇಯತ್ತೆವರೆಗೆ ಓದಿದ, ನಾಲ್ಕೆಕರೆ ಕಬ್ಬು ಬೆಳೆದು ಬ್ಯಾಂಕಿನ ವ್ಯವಹಾರ ಎಲ್ಲಾ ತಾನೇ ನೋಡಿಕೊಳ್ಳುವ ಮನುಷ್ಯ ತನ್ನ ಮಗನ ಸಾಲಿ ಚೀಲದ ಮುಂದೆ ಸಣ್ಣವನಾಗಿಬಿಟ್ಟಿದ್ದ.

ಅವನಿಗೆ ಉತ್ತರ ಹುಡುಕುತ್ತಾ ನಾನು ಹಿಂದಕ್ಕೆ ಹೋದೆ. ನಮ್ಮ ಸೀಮೆಯಲ್ಲಿ ಹನ್ನೊಂದರಿಂದ ಹದಿನಾಲ್ಕು ವರ್ಷದ ಮಕ್ಕಳು ಸಾಲಿಯಲ್ಲಿ ಉಳಿದದ್ದು ಹೇಗೆ? ಉಳಿಸಿದವರು ಯಾರು? ತಿಳಿದದ್ದನ್ನು ನಿಮ್ಮ ಜೊತೆಗೂ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಚಹಾ ತಗೊಂಡು ಕೂಡ್ರಿ.

ನಾಲ್ಕನೇ ಇಯತ್ತೆಯ ಕವಲುದಾರಿ

ಮುಂಬಯಿ ಪ್ರಾಂತದ ವ್ಯವಸ್ಥೆಯಲ್ಲಿ ಕನ್ನಡ ನಾಲ್ಕನೇ ಇಯತ್ತೆ ಮುಗಿದ ಕೂಡಲೇ ಒಂದು ಕವಲು ಬರುತ್ತಿತ್ತು. ಒಂದು ದಾರಿ ಊರಿನ ಕನ್ನಡ ಸಾಲಿಯಲ್ಲೇ ಮುಂದುವರಿದು ಏಳನೇ ಇಯತ್ತೆಗೆ ಮುಲ್ಕಿ ಕಟ್ಟುವುದು. ಇನ್ನೊಂದು, ಪಟ್ಟಣಕ್ಕೆ ಹೋಗಿ ಇಂಗ್ಲಿಷ್ ಒಂದನೇ ಇಯತ್ತೆ ಸೇರುವುದು. ಅಲ್ಲಿಂದ ಏಳು ವರ್ಷ ಓದಿದರೆ ಮ್ಯಾಟ್ರಿಕ್. ಹಳ್ಳಿಯ ಹೆಚ್ಚಿನ ಮಕ್ಕಳಿಗೆ ಈ ಎರಡೂ ಇರಲಿಲ್ಲ ಬಿಡಿ. ಮೂರನೇ ದಾರಿಯೊಂದು ಸದಾ ತೆರೆದಿರುತ್ತಿತ್ತು, ಅದು ಹೊಲದ ದಾರಿ. ರಬಕವಿ-ಬನಹಟ್ಟಿಯಲ್ಲಾದರೆ ಮಗ್ಗದ ದಾರಿ.

ಅಂದರೆ ನಾವು ಇವತ್ತು ಮಿಡ್ಲ್ ಸ್ಕೂಲು ಅನ್ನುವ ವಯಸ್ಸೇ ಆಗಲೂ ಕಷ್ಟದ ವಯಸ್ಸು. ಆರೇಳು ವರ್ಷದ ಕೂಸು ಹೊಲದಲ್ಲಿ ಕೆಲಸಕ್ಕೆ ಬರುವುದಿಲ್ಲ, ಸಾಲಿಗಾದರೂ ಹೋಗಲಿ ಅಂತ ಬಿಡುತ್ತಿದ್ದರು. ಹನ್ನೆರಡು ತುಂಬಿದ ಹುಡುಗ ಎತ್ತು ಹೊಡೆಯಬಲ್ಲ, ಹುಡುಗಿ ರೊಟ್ಟಿ ಬಡಿಯಬಲ್ಲಳು. ಮಗು ಯಾವಾಗ ಮನೆಗೆ ಉಪಯೋಗಕ್ಕೆ ಬರತೊಡಗುತ್ತದೋ ಆವಾಗಲೇ ಸಾಲಿ ಬಿಡುವ ಮಾತು ಬರುತ್ತಿತ್ತು. ಆ ಮಾತನ್ನು ಆಡದೇ ಇದ್ದ ಮನೆಗಳಿಂದ ಮಾತ್ರ ಮುಲ್ಕಿ ಪಾಸಾದವರು ಬಂದರು.

ಜಮಖಂಡಿ ಆಗ ಪಟವರ್ಧನರ ಸಂಸ್ಥಾನ, 1948ರಲ್ಲಿ ಮುಂಬಯಿ ರಾಜ್ಯಕ್ಕೆ ವಿಲೀನವಾಯಿತು. ಅಲ್ಲಿನ ಪರಶುರಾಮಭಾವು ಹೈಸ್ಕೂಲು ಸುತ್ತಲಿನ ಸೀಮೆಗೆಲ್ಲ ದೊಡ್ಡ ಹೆಸರು. 1886ರಲ್ಲಿ ಜಮಖಂಡಿಯಲ್ಲೇ ಹುಟ್ಟಿದ ಗುರುದೇವ ರಾ.ದ. ರಾನಡೆ ಓದಿದ್ದು ಅಲ್ಲಿ. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಆದರೆ ಪಟ್ಟಣದೊಳಗಿನ ಮಗುವಿಗೂ ನದಿದಂಡೆಯ ಹಳ್ಳಿಯ ಮಗುವಿಗೂ ಆ ಹೈಸ್ಕೂಲು ಒಂದೇ ದೂರದಲ್ಲಿರಲಿಲ್ಲ. ಹಳ್ಳಿ ಹುಡುಗನಿಗೆ ಮೊದಲು ಬೇಕಾದದ್ದು ಪುಸ್ತಕ ಅಲ್ಲ, ಎರಡು ಹೊತ್ತಿನ ಊಟ ಮತ್ತು ಮಲಗಲು ಒಂದು ಜಾಗ.

ಅದನ್ನು ಒದಗಿಸಲು ಜನ ಏನೇನೋ ಮಾಡಿದರು. ವಾರಾನ್ನ ಅಂತ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಉಂಡು ಓದುವುದು. ಅದು ಹೆಚ್ಚಾಗಿ ಬ್ರಾಹ್ಮಣರ ಹುಡುಗರಿಗೆ ಸಿಗುತ್ತಿದ್ದ ಸವಲತ್ತು. ಬೇರೆಯವರಿಗೆ ಮಠಗಳ ಪ್ರಸಾದ ನಿಲಯಗಳು ಬಂದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ನಿಲಯದಲ್ಲಿ ಉಂಡು ಓದಿದವರು ಎಷ್ಟೋ ಜನ. ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು ವಚನ ಹುಡುಕುವುದರ ಜೊತೆಗೆ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದ್ದು ಇದೇ ಹಸಿವಿಗೆ.

ಎಲ್ಲರಿಗೂ ಬಾಗಿಲು ಒಂದೇ ಥರ ತೆರೆದಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. 1856ರಲ್ಲಿ ಧಾರವಾಡದ ಸರ್ಕಾರಿ ಸಾಲಿಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಇವನನ್ನು ಸೇರಿಸಿದರೆ ಉಳಿದವರು ಬಿಟ್ಟು ಹೋಗುತ್ತಾರೆ ಅಂತ ಮುಂಬಯಿ ಸರ್ಕಾರ ನಿರಾಕರಿಸಿತು. ಅರ್ಜಿಯ ವಿಷಯ ಲಂಡನ್ನಿನವರೆಗೂ ಹೋಗಿ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಾಲಿಯಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬ ನಿಲುವು ಕಾಗದದ ಮೇಲೆ ಬಂದದ್ದು 1858ರಲ್ಲಿ. ಆ ಹುಡುಗನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ನಮ್ಮ ಸೀಮೆಯ ಶಿಕ್ಷಣದ ಇತಿಹಾಸ ಹೇಳುವಾಗೆಲ್ಲ ನನಗೆ ಮೊದಲು ನೆನಪಾಗುವುದು ಅವನೇ.

ಮುತ್ತಜ್ಜಿಯ ಪ್ರಶ್ನೆ

ನಮ್ಮ ಅಜ್ಜ ಮುಲ್ಕಿ ಪಾಸ್. ಅವರ ಅವ್ವ, ಅಂದರೆ ನಮ್ಮ ಮುತ್ತಜ್ಜಿ, ಹೆಬ್ಬೆಟ್ಟಿನವಳು. ಅಜ್ಜ ಹೇಳುತ್ತಿದ್ದದ್ದು ಇಷ್ಟು. ಸಂಜೆ ಆಕೆ ರೊಟ್ಟಿ ಬಡಿಯಲು ಕೂತಾಗ ಮಗನನ್ನು ಒಲೆಯ ಪಕ್ಕ ಕೂಡಿಸಿಕೊಳ್ಳುತ್ತಿದ್ದಳಂತೆ. "ಇವತ್ತ ಮಾಸ್ತರು ಏನ್ ಹೇಳ್ಯಾರ? ನನಗ ತಿಳಿಯೂ ಹಂಗ ಹೇಳು." ಇತಿಹಾಸ ಇದ್ದರೆ ಇತಿಹಾಸ, ಭೂಗೋಲ ಇದ್ದರೆ ಭೂಗೋಲ. ತಿಳಿಯದಿದ್ದರೆ "ಇನ್ನೊಮ್ಮೆ ಹೇಳು" ಅನ್ನುವಳು. ಹುಡುಗ ತಡವರಿಸಿದರೆ "ನಿನಗ ತಿಳಿದಿಲ್ಲ, ನಾಳೆ ಮಾಸ್ತರ್ನ ಕೇಳಿ ಬಂದು ಹೇಳು" ಅನ್ನುವಳು. ಅಷ್ಟೇ. ಬೈಗುಳ ಇಲ್ಲ, ಏಟಿಲ್ಲ.

ಇವತ್ತಿನ ಶಿಕ್ಷಣ ಶಾಸ್ತ್ರದವರು ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಾರೆ. ಕಲಿತದ್ದನ್ನು ನೆನಪಿನಿಂದ ತೆಗೆದು ಇನ್ನೊಬ್ಬರಿಗೆ ವಿವರಿಸಿದಾಗ ಅದು ಗಟ್ಟಿಯಾಗುತ್ತದೆ, ಸುಮ್ಮನೆ ಮತ್ತೆ ಮತ್ತೆ ಓದುವುದಕ್ಕಿಂತ ಇದು ಮೇಲು ಅಂತ. ಮುತ್ತಜ್ಜಿಗೆ ಅದ್ಯಾವುದೂ ಗೊತ್ತಿರಲಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ ಅನ್ನುವುದೇ ಅಜ್ಜನಿಗೆ ಅನುಕೂಲವಾಯಿತು ಅಂತ ನನಗೆ ಅನಿಸುತ್ತದೆ. ಓದು ಬರುತ್ತಿದ್ದರೆ ಆಕೆಯೇ ಪುಸ್ತಕ ಹಿಡಿದು ಹೇಳಿಕೊಟ್ಟುಬಿಡುತ್ತಿದ್ದಳು!

ಮುಲ್ಕಿ ಹುಡುಗರೆಲ್ಲ ಏಳನೇ ಇಯತ್ತೆಗೇ ಮುಗಿದು ಹೋಗಲಿಲ್ಲ ಅನ್ನುವುದಕ್ಕೆ ಹಲಸಂಗಿಯ ಗೆಳೆಯರೇ ಸಾಕ್ಷಿ. ಮಧುರಚೆನ್ನರ ಸಾಲಿ ಓದು ಮುಲ್ಕಿಗೇ ನಿಂತಿತು, ಆದರೆ ಓದು ನಿಲ್ಲಲಿಲ್ಲ. ಬೇರೆ ಭಾಷೆಗಳನ್ನು ತಾವೇ ಕಲಿತರು, ಅರವಿಂದರನ್ನು ಓದಿದರು. ಸಿಂಪಿ ಲಿಂಗಣ್ಣನವರು ಕನ್ನಡ ಸಾಲಿ ಮಾಸ್ತರಾಗಿಯೇ ಜನಪದ ಸಾಹಿತ್ಯದ ರಾಶಿ ಕೂಡಿಹಾಕಿದರು. ಹನ್ನೆರಡು-ಹದಿಮೂರನೇ ವಯಸ್ಸಿನಲ್ಲಿ ಹತ್ತಿದ ಓದಿನ ರುಚಿ ಕೊನೆಯವರೆಗೂ ಬಿಡಲಿಲ್ಲ. ಅಂಕಪಟ್ಟಿಗಿಂತ ಆ ರುಚಿ ದೊಡ್ಡದು ಅಂತ ನನ್ನ ಲೆಕ್ಕ.

ಶ್ರಮಬಿಂದು ಸಾಗರ

ಈಗ ಚಿಕ್ಕಪಡಸಲಗಿಗೆ ಬರೋಣ. ಈ ಊರಿನ ಹೆಸರು ನೀವು ಕೇಳಿದ್ದರೆ ಅದು ಬ್ಯಾರೇಜಿನಿಂದಲೇ ಇರಬೇಕು. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಹರಿಯುವುದು, ಬೇಸಿಗೆಯಲ್ಲಿ ಅದೇ ಪಾತ್ರದಲ್ಲಿ ಮರಳು ಕಾಣುವುದು. ಸರ್ಕಾರ ಕಟ್ಟಲಿ ಅಂತ ಕಾದು ಸುಸ್ತಾದ ರೈತರು ಕೃಷ್ಣಾ ತೀರ ರೈತ ಸಂಘ ಮಾಡಿಕೊಂಡು, ತಾವೇ ದುಡ್ಡು ಹಾಕಿ, ತಾವೇ ಮೈಮುರಿದು, 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡ. ಬ್ಯಾರೇಜಿಗೆ ಶ್ರಮಬಿಂದು ಸಾಗರ ಅಂತ ಹೆಸರಾಯಿತು, ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಅಂತ ಹೆಸರಾಯಿತು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬ್ಯಾರೇಜಿಗೂ ಏಳನೇ ಇಯತ್ತೆಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಎರಡು ಥರದ್ದು.

ಒಂದು, ನೀರು ಬಂತು, ಕಬ್ಬು ಬಂತು, ಕೈಯಲ್ಲಿ ಕಾಸು ಆಡತೊಡಗಿತು. ಅಪ್ಪ ಓದದ ಮನೆಗಳಿಂದ ಮಕ್ಕಳು ದೊಡ್ಡ ಸಾಲಿಗಳಿಗೆ ಹೋಗತೊಡಗಿದರು. ಅದರ ಜೊತೆಗೇ ಕಬ್ಬಿನ ಕಟಾವಿನ ಗ್ಯಾಂಗುಗಳೂ ಬಂದವು. ಕಾರ್ಖಾನೆಯ ಹಂಗಾಮು ಶುರುವಾಗುವುದು ದೀಪಾವಳಿಯ ಆಚೀಚೆ, ಮುಗಿಯುವುದು ಬೇಸಿಗೆ ಹತ್ತಿರ ಬಂದಾಗ. ಅಂದರೆ ಸಾಲಿಯ ಎರಡನೇ ಅರ್ಧ ಪೂರ್ತಿ. ಹೊಲದ ಬದುವಿನ ಗುಡಿಸಲಿನಲ್ಲಿ ತಮ್ಮ-ತಂಗಿಯರನ್ನು ಕಾಯುತ್ತ ಕೂತ ಹನ್ನೆರಡರ ಹುಡುಗಿಯ ಸಾಲಿ ಅಲ್ಲಿಗೆ ನಿಲ್ಲುತ್ತದೆ. ಒಂದೇ ಕಬ್ಬಿನ ಗದ್ದೆ ಒಬ್ಬನ ಮಗನನ್ನು ಸಾಲಿಗೆ ಕಳಿಸುತ್ತದೆ, ಇನ್ನೊಬ್ಬನ ಮಗಳನ್ನು ಸಾಲಿಯಿಂದ ಬಿಡಿಸುತ್ತದೆ. ಇದನ್ನು ನಾವು ಕಣ್ಣು ಬಿಟ್ಟು ನೋಡಬೇಕು.

ಇನ್ನೊಂದು ಸಂಬಂಧ ಇದಕ್ಕಿಂತ ಮುಖ್ಯ. ಬ್ಯಾರೇಜು ಕಟ್ಟಿದ ರೈತರಲ್ಲಿ ಎಲ್ಲರೂ ಎಂಜಿನಿಯರ್ ಓದಿದವರಾ? ಅಲ್ಲ. ಗೊತ್ತಿದ್ದವರನ್ನು ಕೇಳಿದರು, ಗೊತ್ತಿಲ್ಲದ್ದಕ್ಕೆ ನಾಚಲಿಲ್ಲ. ಕಲ್ಲು ಹೊರಲು ಎಂಜಿನಿಯರಿಂಗ್ ಬೇಕಿರಲಿಲ್ಲ, ಬೆಳಿಗ್ಗೆ ಎದ್ದು ಬರುವುದು ಬೇಕಿತ್ತು. ಮಗುವಿನ ಓದಿನ ವಿಷಯದಲ್ಲಿ ತಂದೆ-ತಾಯಿಯ ಕೆಲಸವೂ ಹೀಗೇ ಅಂತ ನಾನು ತಮ್ಮನಿಗೆ ಹೇಳಿದೆ. ಲೆಕ್ಕ ಬಿಡಿಸುವುದು ಮಾಸ್ತರರ ಕೆಲಸ. ದಿನಾ ತಪ್ಪದೆ ಹಾಜರಿರುವುದು ನಿನ್ನ ಕೆಲಸ.

ಕಾಯಿದೆ ಏನು ಹೇಳುತ್ತದೆ

ಹಾಜರಿರುವುದು ಅಂದೆನಲ್ಲ, ಅದಕ್ಕೆ ಕಾಯಿದೆಯೂ ಜಾಗ ಕೊಟ್ಟಿದೆ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆ ಹೇಳಿದ ಮೇಲೆ ಕರ್ನಾಟಕ ಸರ್ಕಾರ 2001ರಲ್ಲಿ ಸರ್ಕಾರಿ ಸಾಲಿಗಳಿಗೆ ಎಸ್.ಡಿ.ಎಂ.ಸಿ. ತಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಸಾಲಿಯ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ-ತಾಯಿ ಅಥವಾ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಓದಿದವರೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ನಮ್ಮೂರುಗಳಲ್ಲಿ ಈ ಸಮಿತಿಯ ಸಭೆ ಅಂದರೆ ಸಹಿ ಹಾಕಿ ಚಹಾ ಕುಡಿದು ಬರುವುದು ಅಂತಾಗಿರುವುದು ಬೇರೆ ಮಾತು. ಸಭೆಯಲ್ಲಿ ಒಬ್ಬ ತಾಯಿ ಎದ್ದು "ಹುಡುಗಿಯರ ಪಾಯಖಾನೆಗೆ ನೀರಿಲ್ಲ" ಅಂದರೆ ಸಾಕು, ಆ ಸಭೆಗೆ ಅರ್ಥ ಬರುತ್ತದೆ. ಯಾಕೆಂದರೆ ಆರು-ಏಳು-ಎಂಟನೇ ಇಯತ್ತೆಯಲ್ಲೇ ಹುಡುಗಿಯರು ದೊಡ್ಡವರಾಗುವುದು. ನೀರಿಲ್ಲದ ಸಾಲಿಗೆ ಅವರು ತಿಂಗಳಿಗೆ ನಾಲ್ಕು ದಿನ ಬರುವುದಿಲ್ಲ. ಆ ನಾಲ್ಕು ದಿನದ ಗಣಿತ ಹಿಂದೆ ಬೀಳುತ್ತದೆ, ಆಮೇಲೆ "ಆಕೀಗೆ ಓದು ಹತ್ತೂದಿಲ್ಲ" ಅನ್ನುತ್ತೇವೆ.

ಹುಡುಗಿಯರ ಮಾತು ಬಂದದ್ದಕ್ಕೆ ಇನ್ನೊಂದು. ನಮ್ಮ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ಸತ್ತಿಲ್ಲ. 2006ರ ಕೇಂದ್ರದ ಕಾಯಿದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಆ ಮದುವೆ ಮದುವೆಯೇ ಅಲ್ಲ. ತೊಂದರೆಯಲ್ಲಿರುವ ಮಗುವಿಗಾಗಿ 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಆದರೆ ಕಾಯಿದೆಗಿಂತ ಮುಂಚೆ ಕೆಲಸ ಮಾಡುವುದು ಹುಡುಗಿ ಎಂಟನೇ ಇಯತ್ತೆಗೆ ದಾಟುವುದು. ಸಾಲಿಯಲ್ಲಿರುವ ಹುಡುಗಿಯ ಮದುವೆಯ ಮಾತು ತೆಗೆಯಲು ಬಂದವರು ಹಿಂದೆ ಮುಂದೆ ನೋಡುತ್ತಾರೆ, ಮನೆಯಲ್ಲಿರುವ ಹುಡುಗಿಯ ಮಾತು ತೆಗೆಯಲು ಯಾರೂ ಅಳುಕುವುದಿಲ್ಲ.

ಊಟದ ವಿಷಯದಲ್ಲಿ ಇತಿಹಾಸ ಒಂದು ಸುತ್ತು ಮುಂದೆ ಬಂದಿದೆ. 2001ರ ಸುಪ್ರೀಂ ಕೋರ್ಟ್ ಆದೇಶದ ನಂತರ ಬಂದ ಬಿಸಿಯೂಟ ಹಳೇ ವಾರಾನ್ನದಂತಲ್ಲ. ಯಾರ ಮನೆಯ ಬಾಗಿಲಲ್ಲೂ ನಿಲ್ಲಬೇಕಿಲ್ಲ, ಜಾತಿ ಕೇಳುವಂತಿಲ್ಲ, ಎಲ್ಲರಿಗೂ ಒಂದೇ ಸಾಲು. ಕೇಳುವಂತಿಲ್ಲ ಅಂದರೂ ಕೇಳುವವರು ಇದ್ದಾರೆ, ಅಲ್ಲೂ ತಂದೆ-ತಾಯಿ ಬಾಯಿ ಬಿಡಬೇಕು.

ಮತ್ತೆ ಪರೀಕ್ಷೆಯ ಭೂತ

ಮುಲ್ಕಿ ಹೋದ ಮೇಲೂ ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ ನಮ್ಮ ರಾಜ್ಯದಲ್ಲಿ ಬಹಳ ವರ್ಷ ಇತ್ತು, ನಿಮ್ಮಲ್ಲಿ ಹಲವರು ಬರೆದಿರುತ್ತೀರಿ. ಆಮೇಲೆ ಹೋಯಿತು. 2019ರಲ್ಲಿ ಶಿಕ್ಷಣ ಹಕ್ಕು ಕಾಯಿದೆಗೆ ತಿದ್ದುಪಡಿ ಆಗಿ ಐದು ಮತ್ತು ಎಂಟನೇ ತರಗತಿಗೆ ಪರೀಕ್ಷೆ ಇಡಲು ದಾರಿಯಾಯಿತು. 2023 ಮತ್ತು 2024ರಲ್ಲಿ ಕರ್ನಾಟಕದಲ್ಲಿ ಐದು, ಎಂಟರ ಬೋರ್ಡ್ ಮಾದರಿ ಪರೀಕ್ಷೆಗಾಗಿ ಹೈಕೋರ್ಟಿನಲ್ಲಿ ಒಮ್ಮೆ ರದ್ದು, ಒಮ್ಮೆ ಒಪ್ಪಿಗೆ ಅಂತ ಹಗ್ಗಜಗ್ಗಾಟ ನಡೆದು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಮಕ್ಕಳು ಓದಿದರು, ಬರೆದರು, ದೊಡ್ಡವರು ವಾದ ಮಾಡಿದರು.

ಪರೀಕ್ಷೆ ಬೇಕೋ ಬೇಡವೋ ಅನ್ನುವ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನನಗೆ ಕಾಣುವುದು ಇಷ್ಟು. ಪರೀಕ್ಷೆ ಇದ್ದಾಗಲೂ ಇಲ್ಲದಾಗಲೂ ಈ ವಯಸ್ಸಿನ ಮಗು ಒಂದೇ ದಿನ ಸಾಲಿ ಬಿಟ್ಟು ಹೋಗುವುದಿಲ್ಲ. ಮೊದಲು ಒಂದು ವಿಷಯ ತಿಳಿಯದಂತಾಗುತ್ತದೆ. ಕೇಳಲು ನಾಚಿಕೆ. ಆಮೇಲೆ ಹೊಟ್ಟೆನೋವು, ತಲೆನೋವು, ವಾರಕ್ಕೊಂದು ದಿನ ರಜೆ. ಆಮೇಲೆ ಹಿಂದಿನ ಬೆಂಚು. ಕೊನೆಗೆ ಚೀಲ ಗೂಟಕ್ಕೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಅದರ ಹಿಂದೆಯೇ 2020ರಲ್ಲಿ ಕೊರೋನಾ ಬಂದು ಸಾಲಿಗಳು ತಿಂಗಳುಗಟ್ಟಲೆ ಮುಚ್ಚಿದವು. ವಿದ್ಯಾಗಮ ಅಂತ ಮಾಸ್ತರರು ಗುಡಿಕಟ್ಟೆಯಲ್ಲಿ, ಗಿಡದ ಕೆಳಗೆ ಪಾಠ ಮಾಡಿದರು. ಹೀಗೆ ಎರಡು ಏಟು ತಿಂದ ಮಕ್ಕಳಲ್ಲಿ ಮತ್ತೆ ಚೀಲ ಹೊತ್ತವರನ್ನು ನೋಡಿ. ಅವರ ಹಿಂದೆ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಬಹಳ ಸಲ ಓದು ಬಾರದ ಅವ್ವನೇ.

ಹಾಗಾದರೆ ಓದು ಬಾರದ, ಅಥವಾ ಮಗುವಿನ ಮೀಡಿಯಂ ಬಾರದ ತಂದೆ-ತಾಯಿ ಏನು ಮಾಡಬಹುದು? ನಮ್ಮ ಸೀಮೆಯ ಹಿಂದಿನವರು ಮಾಡಿದ್ದನ್ನೇ ಇವತ್ತಿಗೆ ಹೊಂದಿಸಿ ಬರೆಯುತ್ತೇನೆ.

ದಿನಕ್ಕೊಮ್ಮೆ "ಇವತ್ತ ಏನ್ ಹೇಳಿದ್ರು, ನನಗ ತಿಳಿಯೂ ಹಂಗ ಹೇಳು" ಅನ್ನಿ. ಇಂಗ್ಲಿಷ್ ಪಾಠವನ್ನು ಕನ್ನಡದಲ್ಲೇ ಹೇಳಲಿ. ಕನ್ನಡದಲ್ಲಿ ಹೇಳಲು ಬಂತು ಅಂದರೆ ತಿಳಿದಿದೆ ಅಂತ ಅರ್ಥ, ಬರಲಿಲ್ಲ ಅಂದರೆ ಬಾಯಿಪಾಠ ಮಾಡಿದೆ ಅಂತ ಅರ್ಥ. ಇದನ್ನು ಕಂಡುಹಿಡಿಯಲು ನಿಮಗೆ ಇಂಗ್ಲಿಷ್ ಬೇಕಿಲ್ಲ.

ತಿಂಗಳಿಗೊಮ್ಮೆ ಸಾಲಿಗೆ ಹೋಗಿ, ಕರೆಯದಿದ್ದರೂ. ಎಷ್ಟು ಮಾರ್ಕ್ಸ್ ಅಂತ ಕೇಳುವುದಕ್ಕಿಂತ "ಎಷ್ಟು ದಿನ ತಪ್ಪಿಸ್ಯಾನ, ಯಾರ ಜೋಡಿ ಕೂಡ್ತಾನ, ನಗ್ತಾನ ಇಲ್ಲೋ" ಅಂತ ಕೇಳಿ. ಹನ್ನೆರಡರ ಮಗುವಿಗೆ ಗೆಳೆಯರೇ ಪ್ರಪಂಚ. ಗೆಳೆಯರು ಇದ್ದಕ್ಕಿದ್ದಂತೆ ಇಲ್ಲವಾದರೆ ಏನೋ ಆಗಿದೆ.

ನಿದ್ದೆ ಕಾಯಿರಿ. ಹನ್ನೆರಡರವರೆಗಿನ ಮಕ್ಕಳಿಗೆ ರಾತ್ರಿ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು, ಹದಿಮೂರು ದಾಟಿದವರಿಗೆ ಎಂಟು ಗಂಟೆಯಾದರೂ ಬೇಕು ಅನ್ನುತ್ತಾರೆ ವೈದ್ಯರು. ಮೊದಲು ಕಂದೀಲಿನ ಎಣ್ಣೆ ಮುಗಿದರೆ ತಾನೇ ನಿದ್ದೆ ಬರುತ್ತಿತ್ತು. ಮೊಬೈಲಿಗೆ ಎಣ್ಣೆ ಮುಗಿಯುವುದಿಲ್ಲ, ಅದಕ್ಕೆ ರಾತ್ರಿ ಅದು ಅವ್ವನ ತಲೆದಿಂಬಿನ ಹತ್ತಿರ ಇರಲಿ. ಅಪ್ಪನದೂ ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಹೋಲಿಸಬೇಡಿ. ಪಕ್ಕದ ಮನೆ ಹುಡುಗನ ಮಾರ್ಕ್ಸು ನಿಮ್ಮ ಮಗುವಿಗೆ ಗೊಬ್ಬರ ಆಗುವುದಿಲ್ಲ. ಮೈ ಬದಲಾಗುವ ಈ ವಯಸ್ಸಿನಲ್ಲಿ ಸಿಟ್ಟು, ಮೌನ, ಕನ್ನಡಿ ಮುಂದೆ ನಿಲ್ಲುವುದು ಎಲ್ಲಾ ಬರುತ್ತದೆ. ಅದನ್ನು ಸೊಕ್ಕು ಅಂತ ಕರೆದು ಕೈ ಎತ್ತಬೇಡಿ. ಆದರೆ ವಾರಗಟ್ಟಲೆ ಊಟ ಬಿಟ್ಟರೆ, ಮಾತು ಬಿಟ್ಟರೆ, ಸಾಲಿಯ ಹೆಸರು ಹೇಳಿದರೆ ಬೆವರಿದರೆ, ಆಗ ಡಾಕ್ಟರ ಹತ್ತಿರ ಹೋಗುವುದರಲ್ಲಿ ಅವಮಾನ ಏನೂ ಇಲ್ಲ.

ಕೊನೆಯದು, "ಬಿಡು, ನಿನಗ ಓದು ಹತ್ತೂದಿಲ್ಲ, ಹೊಲಕ್ಕ ನಡಿ" ಅನ್ನುವ ಮಾತು. ಸಿಟ್ಟಿನಲ್ಲೂ ಅದನ್ನು ಆಡಬೇಡಿ. ಹೊಲದ ಕೆಲಸ ಕೀಳು ಅಂತ ಅಲ್ಲ. ಹೊಲ ಅಂದರೆ ಶಿಕ್ಷೆ, ಸಾಲಿ ಅಂದರೆ ಸೋಲು ಅಂತ ಒಂದೇ ವಾಕ್ಯದಲ್ಲಿ ಮಗುವಿಗೆ ಎರಡೂ ಕೆಡಿಸಿಕೊಟ್ಟಂತೆ ಆಗುತ್ತದೆ.

ತಮ್ಮನಿಗೆ ಇಷ್ಟೆಲ್ಲ ಉದ್ದ ಹೇಳಲಿಲ್ಲ, ಮುತ್ತಜ್ಜಿಯ ಪ್ರಶ್ನೆಯೊಂದನ್ನು ಹೇಳಿದೆ. ಉಳಿದದ್ದು ಇಲ್ಲಿ ನಿಮಗಾಗಿ ಬರೆದೆ, ಯಾಕೆಂದರೆ ಅವನಂಥ ತಮ್ಮಂದಿರು, ತಂಗಿಯರು ನಿಮ್ಮೂರಲ್ಲೂ ಇದ್ದಾರೆ. ಬೆಂಗಳೂರಲ್ಲಿ, ಪುಣೆಯಲ್ಲಿ, ಇನ್ನೂ ದೂರದ ದೇಶಗಳಲ್ಲಿ ಕೂತ ನಾವು ಊರಿಗೆ ಹೋದಾಗ ಮಕ್ಕಳ ಕೈಗೆ ಚಾಕ್ಲೇಟು ಕೊಟ್ಟು "ಎಷ್ಟು ಪರ್ಸೆಂಟು?" ಅಂತ ಕೇಳಿ ಬರುತ್ತೇವೆ. ಮುಂದಿನ ಸಲ ಆ ಪ್ರಶ್ನೆ ಬಿಟ್ಟು ಅವರ ಪುಸ್ತಕದಲ್ಲಿರುವ ಒಂದು ಪಾಠ ಹೇಳಿಸಿಕೊಂಡು ಬರೋಣ.

ನಿಮ್ಮ ಮನೆಯಲ್ಲೂ ಮುಲ್ಕಿ ಅಥವಾ ಎಲ್.ಎಸ್. ಪಾಸಾದ ಹಿರಿಯರು ಇದ್ದಿರಬೇಕು. ಅವರನ್ನು ಸಾಲಿ ಬಿಡದಂತೆ ಕಾಯ್ದವರು ಯಾರು ಅಂತ ಕೇಳಿ ನೋಡಿದ್ದೀರಾ? ಗೊತ್ತಿದ್ದರೆ ಬರೆಯಿರಿ. ಆ ಪಾಸಾದವರ ಹೆಸರು ಎಲ್ಲೋ ಒಂದು ರಜಿಸ್ಟರಿನಲ್ಲಿ ಇರುತ್ತದೆ. ಕಾಯ್ದವರ ಹೆಸರು ನಾವು ಬರೆದರೆ ಮಾತ್ರ ಉಳಿಯುತ್ತದೆ.